ತೋಟದ ಕೆರೆಯನ್ನೂ ಪಾಲು ಮಾಡಬೇಕಾ? 1897ರ ಕಾನೂನು ಹಾಸನಕ್ಕೆ ಬರುತ್ತಾ?

ಪ್ರಶ್ನೆ: ಯಸಳೂರು ಸೀಮೆಯವಳು

ಎಲ್ಲರಿಗೂ ನಮಸ್ಕಾರ. ಸಕಲೇಶಪುರ ತಾಲ್ಲೂಕು ಯಸಳೂರು ಹೋಬಳಿಯಲ್ಲಿ ನಮ್ಮ ಅಜ್ಜನ ರೊಬಸ್ಟಾ ತೋಟ ಇದೆ. ಅಜ್ಜ ಹೋದ ಮೇಲೆ ಪಾಲಾಗಿಲ್ಲ. ದೊಡ್ಡಪ್ಪನ ಮಗ, ನಮ್ಮ ಅಪ್ಪ, ಚಿಕ್ಕಪ್ಪ, ಅತ್ತೆ, ಹೀಗೆ ನಾಲ್ಕು ಪಾಲು. ತೋಟದ ತಗ್ಗಿನಲ್ಲಿ ಅಜ್ಜ ತೋಡಿಸಿದ ಕೆರೆ ಇದೆ. ಮೇಲಿನ ಹಳ್ಳದ ನೀರು ಅದಕ್ಕೆ ಬರುತ್ತದೆ. ಕಾಟ್ಲಾ, ಗೆಂಡೆ ಬಿಟ್ಟಿದ್ದೇವೆ.

ಗಲಾಟೆ ಇರುವುದೇ ಈ ಕೆರೆ ಮೇಲೆ. ದೊಡ್ಡಪ್ಪನ ಮಗ (ನನಗೆ ಅಣ್ಣ, ಬೆಂಗಳೂರಿನಲ್ಲಿರುವುದು) ಎರಡು ಕಾನೂನಿನ ಪ್ರಿಂಟ್ ತಂದಿದ್ದಾನೆ. ಒಂದು ಇಂಡಿಯನ್ ಫಿಶರೀಸ್ ಆಕ್ಟ್, ಇನ್ನೊಂದು ಎಸ್ಟೇಟ್ಸ್ ಪಾರ್ಟಿಷನ್ ಆಕ್ಟ್. ಎರಡೂ 1897ರವು. 'ಡಿಸಿ ಬಂದು ಎಸ್ಟೇಟ್ ಕತ್ತರಿಸಿ ಕೊಡ್ತಾರೆ, ಕೆರೆ ಯಾರ ಪಾಲಿಗೆ ಬರುತ್ತೋ ಅವರದೇ ಖಾಸಗಿ ನೀರು, ಮೀನು ಹೇಗೆ ಬೇಕಾದರೂ ಹಿಡಿಯಬಹುದು' ಅನ್ನುತ್ತಾನೆ. ಕಳೆದ ಮಳೆಗಾಲಕ್ಕೆ ಮುಂಚೆ ಯಾರೋ ಕೆರೆಗೆ ತೋಟೆ (ಮೀನು ಸಾಯಿಸುವ ಸಿಡಿಮದ್ದು) ಹಾಕಿದ್ದರು. ಬೆರಳುದ್ದದ ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅದನ್ನು ನೋಡಿ ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈ ಕೆರೆ ಒಬ್ಬರ ಕೈಗೆ ಹೋಗಬಾರದು ಅನ್ನುವುದು ನನ್ನ ಆಸೆ. ಗೊತ್ತಿರುವವರು ಬಿಡಿಸಿ ಹೇಳಿ.

ಉತ್ತರ: ಹಾಸನ ಕೋರ್ಟ್ ರಸ್ತೆ

ಮೇಡಂ, ಎರಡೂ ನಿಜವಾದ ಕಾನೂನುಗಳೇ. ಆದರೆ ಎರಡೂ ನಿಮ್ಮ ತೋಟಕ್ಕೆ ಬರುವುದಿಲ್ಲ.

ಎಸ್ಟೇಟ್ಸ್ ಪಾರ್ಟಿಷನ್ ಆಕ್ಟ್ ಬಂಗಾಳದ್ದು. ಅಲ್ಲಿ 1793ರಿಂದ ಜಮೀನ್ದಾರಿ. ಇಡೀ ಜಮೀನ್ದಾರಿಗೆ ಸೇರಿ ಒಂದೇ ಕಂದಾಯ. ಅಣ್ಣತಮ್ಮಂದಿರಲ್ಲಿ ಒಬ್ಬ ಕಟ್ಟದೇ ಹೋದರೆ ಎಲ್ಲರ ಆಸ್ತಿಗೂ ಹರಾಜಿನ ಭಯ. ಹಾಗಾಗಿ ಕಲೆಕ್ಟರ್ ಜಮೀನಿನ ಜೊತೆ ಕಂದಾಯವನ್ನೂ ಹಂಚಿಕೊಡಬೇಕಿತ್ತು. ನಮ್ಮ ಮೈಸೂರು ಸೀಮೆಯಲ್ಲಿ ಸರ್ವೆ ನಂಬರಿಗೆ ತಕ್ಕಂತೆ ರೈತನೇ ನೇರವಾಗಿ ಕಂದಾಯ ಕಟ್ಟಿದ್ದು. ಆ ಕಾನೂನಿಗೆ ಇಲ್ಲಿ ಕೆಲಸವೇ ಇಲ್ಲ.

ಫಿಶರೀಸ್ ಆಕ್ಟ್ ಬ್ರಿಟಿಷ್ ಇಂಡಿಯಾಕ್ಕೆ ಮಾಡಿದ್ದು. ಸ್ವಾತಂತ್ರ್ಯದ ನಂತರವೂ 'ಬಿ' ವರ್ಗದ ರಾಜ್ಯಗಳನ್ನು, ಅಂದರೆ ಮೊದಲು ರಾಜರ ಆಳ್ವಿಕೆಯಲ್ಲಿದ್ದವನ್ನು, ಅದರಿಂದ ಹೊರಗಿಟ್ಟರು. ಹಳೇ ಮೈಸೂರು ಆ ಪಟ್ಟಿಯಲ್ಲಿತ್ತು. ನಿಮ್ಮ ಪಕ್ಕದ ಕೊಡ್ಲಿಪೇಟೆ ಕೊಡಗಿನದು, ಬ್ರಿಟಿಷರ ಕೈಯಲ್ಲಿದ್ದದ್ದು, ಹಾಗಾಗಿ ಅಲ್ಲಿಗೆ ಆ ಕಾನೂನು ಬಂತು. ಗಡಿ ದಾಟಿದರೆ ಮೈಸೂರಿನದೇ 1901ರ ರೆಗ್ಯುಲೇಷನ್ ಇತ್ತು, ಬೇಟೆಗೂ ಮೀನಿಗೂ ಸೇರಿಸಿ ಮಾಡಿದ್ದು. ಈಗ ಒಳನಾಡು ಮೀನುಗಾರಿಕೆಗೆ ರಾಜ್ಯದ 1996ರ ಕಾಯ್ದೆ ಇದೆ.

ಇನ್ನೊಂದು ಮಾತು. ನಿಮ್ಮ ಅಣ್ಣ ಆ ಫಿಶರೀಸ್ ಆಕ್ಟಿನ ಪ್ರಿಂಟನ್ನು ಪೂರ್ತಿ ಓದಿಲ್ಲ ಅನಿಸುತ್ತದೆ. 4ನೇ ಕಲಂ ಡೈನಮೈಟಿಗೆ, 5ನೇ ಕಲಂ ವಿಷ, ಸುಣ್ಣ ಹಾಕುವುದಕ್ಕೆ. ಎರಡೂ 'ಯಾವುದೇ ನೀರು' ಅನ್ನುತ್ತವೆ. ಖಾಸಗಿ ನೀರಿಗೆ ವಿನಾಯಿತಿ ಇಲ್ಲ. ಮೂಲದಲ್ಲಿ ಎರಡು ತಿಂಗಳ ಜೈಲು ಅಥವಾ 200 ರೂಪಾಯಿ ದಂಡ ಇತ್ತು, ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಖಾಸಗಿ ನೀರಿಗೆ ಬೇರೆ ಲೆಕ್ಕ ಬರುವುದು 6ನೇ ಕಲಂನಲ್ಲಿ ಮಾತ್ರ. ಕೂಣಿ (ಮೀನು ಹಿಡಿಯುವ ಬುಟ್ಟಿ) ನೆಡುವುದು, ಬಲೆಯ ಕಣ್ಣು ಎಷ್ಟಿರಬೇಕು ಅನ್ನುವ ಸರ್ಕಾರದ ನಿಯಮ ಅಂಥ ನೀರಿಗೆ ಬರಬೇಕಾದರೆ ಮಾಲೀಕನದೂ, ಮೀನಿನ ಹಕ್ಕಿರುವ ಎಲ್ಲರದೂ ಲಿಖಿತ ಒಪ್ಪಿಗೆ ಬೇಕು. ತೋಟೆ ಹಾಕಿದವರ ಮೇಲೆ ನೀವು ದೂರು ಕೊಡಬಹುದು. ಸ್ಫೋಟಕಕ್ಕೆ 1908ರ ಕೇಂದ್ರ ಕಾಯ್ದೆ ಬೇರೆ ಇದೆ.

ಪಾಲಿಗೆ ನಿಜವಾಗಿ ಬೇಕಾದದ್ದು 1893ರ ಪಾರ್ಟಿಷನ್ ಆಕ್ಟ್. ಕೋರ್ಟಿಗೆ ಹೋದಾಗ ಆಸ್ತಿಯನ್ನು ಸಲೀಸಾಗಿ ಭಾಗ ಮಾಡಲಾಗದಿದ್ದರೆ, ಮಾರುವುದೇ ಎಲ್ಲರಿಗೂ ಲಾಭ ಅನಿಸಿದರೆ, ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲಿನವರು ಕೇಳಿದಾಗ ಕೋರ್ಟ್ ಮಾರಾಟಕ್ಕೆ ಹೇಳಬಹುದು. ನಿಮ್ಮಲ್ಲಿ ಇಬ್ಬರು ಸೇರಿದರೆ ಅರ್ಧ ಆಯಿತು, ಅಲ್ವಾ? ಇದನ್ನು ಮರೆಯಬೇಡಿ. ಆದರೆ 3ನೇ ಕಲಂ ಪ್ರಕಾರ, ಮಾರಾಟ ಕೇಳಿದವರ ಪಾಲನ್ನು ಕೋರ್ಟ್ ಕಟ್ಟಿದ ಬೆಲೆಗೆ ಉಳಿದವರು ಕೊಳ್ಳಬಹುದು. ಮನೆಗೆ ಇನ್ನೂ ಗಟ್ಟಿ ರಕ್ಷಣೆ ಇದೆ. ಒಟ್ಟು ಕುಟುಂಬದ ವಾಸದ ಮನೆಯ ಪಾಲನ್ನು ಹೊರಗಿನವರು ಕೊಂಡು ಪಾಲಿನ ದಾವೆ ಹಾಕಿದರೆ, ಬೆಲೆ ಕೊಟ್ಟು ಅದನ್ನು ಮನೆಯವರೇ ವಾಪಸ್ ಪಡೆಯಬಹುದು. ಅದು 4ನೇ ಕಲಂ.

ಡಿಸಿ ಮಾತು ಪೂರ್ತಿ ಸುಳ್ಳಲ್ಲ. ಕೋರ್ಟ್ ಡಿಕ್ರಿ (ತೀರ್ಪಿನ ಆದೇಶ) ಆದ ಮೇಲೆ ಕಂದಾಯದ ಜಮೀನಿನ ಭಾಗ ಸಿವಿಲ್ ಪ್ರೊಸೀಜರ್ ಕೋಡ್‌ನ 54ನೇ ಕಲಂ ಪ್ರಕಾರ ಅವರಿಗೆ ಹೋಗುತ್ತದೆ. ಡಿಕ್ರಿ ಇಲ್ಲದೆ ಸುಮ್ನೆ ಬಂದು ಕತ್ತರಿಸುವುದಿಲ್ಲ.

ಇದೆಲ್ಲಕ್ಕೂ ಮುಂಚೆ ಪಹಣಿಯ ಖರಾಬು (ಸಾಗುವಳಿಗೆ ಸೇರದ ಜಾಗ) ನೋಡಿ. ಹಳ್ಳ ಅಥವಾ ಕೆರೆ 'ಬ' ಖರಾಬಿನಲ್ಲಿದ್ದರೆ ಅದು ಸರ್ಕಾರದ್ದು. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಓದಿ. ಅದನ್ನು ಯಾರೂ ಪಾಲು ಹಾಕಿಕೊಳ್ಳಲಾಗದು.

ಉತ್ತರ: ಮೂಡಿಗೆರೆ ಕಡೆಯ ಹಿರಿಯ

ತಂಗಿ, ಕಾನೂನು ಅವರು ಹೇಳಿದರು. ನಾನು ತೋಟದವನ ಮಾತು ಹೇಳುತ್ತೇನೆ. ನೀವೆಲ್ಲ ಮೀನು ಮೀನು ಅಂತಿದ್ದೀರಿ. ರೊಬಸ್ಟಾಕ್ಕೆ ಕೆರೆ ಬೇಕಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಹೂವಿಗೆ ಜೆಟ್‌ನಲ್ಲಿ (ಸ್ಪ್ರಿಂಕ್ಲರ್) ನೀರು ಹಾಕಬೇಕು, ಎರಡು ಮೂರು ವಾರದಲ್ಲಿ ಬ್ಯಾಕಿಂಗ್, ಅಂದರೆ ಎರಡನೇ ನೀರು, ಕೊಡಬೇಕು. ಆ ನೀರು ತಪ್ಪಿದರೆ ವರ್ಷದ ಫಸಲೇ ಹೋಯಿತು. ಕೆರೆ ಒಬ್ಬನಿಗೆ ಬಿಟ್ಟರೆ ಉಳಿದ ಮೂರು ಪಾಲು ಅವನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಕೆರೆ, ಏರಿ, ತೂಬು, ಕೋಡಿ, ಇಷ್ಟನ್ನು ನಾಲ್ವರ ಜಂಟಿ ಹೆಸರಿನಲ್ಲೇ ಇಡಿ. ವಿಭಾಗ ಪತ್ರದಲ್ಲಿ ಬಾಯಿ ಮಾತಿಗೆ ಜಾಗ ಬಿಡಬೇಡಿ. ಯಾರ ಮೋಟಾರು ಎಲ್ಲಿ ಕೂರುತ್ತದೆ, ಪೈಪು ಯಾರ ಪಾಲಿನ ಮೇಲೆ ಹಾಯುತ್ತದೆ, ಕೆರೆಗೆ ಟ್ರ್ಯಾಕ್ಟರ್ ಹೋಗುವ ದಾರಿ ಯಾವುದು, ನೀರಿನ ಸರದಿ ಹೇಗೆ, ಹೂಳು ತೆಗೆಸುವ ಖರ್ಚು ಹೇಗೆ, ಎಲ್ಲ ಬರೆಸಿ. ಮೀನು ಒಟ್ಟಿಗೆ ಹಿಡಿಸಿ ದುಡ್ಡು ಹಂಚಿಕೊಳ್ಳಿ. ತೋಟೆಯಾಗಲಿ, ಮೀನಿಗೆ ಮತ್ತು ಬರಿಸಲು ಕಾರೆಕಾಯಿ ಜಜ್ಜಿ ಹಾಕುವುದಾಗಲಿ ಕೂಡದು ಅಂತಲೂ ಒಂದು ಸಾಲು ಇರಲಿ. 11ಇ ನಕ್ಷೆ (ಪಾಲುಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ರಿಜಿಸ್ಟರ್ ಮಾಡಿಸಿ.

ಯಸಳೂರು ಸೀಮೆಯವಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಪಹಣಿ ಮತ್ತು ಸರ್ವೆ ನಕ್ಷೆ ನೋಡಿದೆ. ಕೆರೆ ಹಿಡುವಳಿಯೊಳಗೇ ಇದೆ. ಮೇಲಿನ ಹಳ್ಳ ಮಾತ್ರ 'ಬ' ಖರಾಬು. ಅಣ್ಣ ಕೇಳುತ್ತಿರುವ ಮೇಲಿನ ಪಾಲಿನ ನಡುವೆಯೇ ಹಳ್ಳ ಹಾಯುತ್ತದೆ. ಅವನು ಅದನ್ನು ತಿರುಗಿಸಿಕೊಂಡರೆ?

ಹಾಸನ ಕೋರ್ಟ್ ರಸ್ತೆ

ಪಾಲು ಅವರಿಗೆ ಹೋದರೂ ಹಳ್ಳ ಸರ್ಕಾರದ್ದೇ. ಮುಚ್ಚುವಂತಿಲ್ಲ, ತಿರುಗಿಸುವಂತಿಲ್ಲ. ಮುಟ್ಟಿದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ. 11ಇ ನಕ್ಷೆಗೆ ಸರ್ವೆಯರ್ ಬಂದಾಗ ಹಳ್ಳದ ಎರಡೂ ದಡಕ್ಕೆ ಗುರುತು ಹಾಕಿಸಿ, ಆ ದಿನ ನಾಲ್ಕೂ ಪಾಲಿನವರು ಸ್ಥಳದಲ್ಲಿರಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅವರ ಸಹಿಯೂ ಬೇಕಾಗುತ್ತದೆ.