ಮಂಡಿ ನೋವಿರುವ ಅಮ್ಮನ ಜೊತೆ ಇಟಲಿ: ಸಲೆರ್ನೊದಲ್ಲಿ ಅಪಾರ್ಟ್‌ಮೆಂಟ್ ಹಿಡಿಯಬಹುದಾ?

ಗಿರಿನಗರದ ಮಗಳು

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಇಟಲಿಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಏಳನೇ ಕ್ಲಾಸಿನ ಮಗ, ಜೊತೆಗೆ ನನ್ನ ಅಮ್ಮ. ಅಮ್ಮನಿಗೆ 71 ವರ್ಷ, ಮಂಡಿ ನೋವು. ಲಾಲ್‌ಬಾಗ್ ಕೆರೆ ಸುತ್ತ ಆರಾಮಾಗಿ ಒಂದು ಸುತ್ತು ಬರುತ್ತಾರೆ, ಮೆಟ್ಟಿಲು ಕಂಡರೆ ಮಾತ್ರ ನಿಂತುಬಿಡುತ್ತಾರೆ. ರೋಮ್ ಮುಗಿಸಿ ಎಂಟು ರಾತ್ರಿ ಸಮುದ್ರದ ಪಕ್ಕ ಒಂದೇ ಕಡೆ ಇರೋಣ ಅಂತ ಆಸೆ. ಹೊರಗಿನ ಊಟ ಅಮ್ಮನಿಗೆ ಎರಡು ದಿನಕ್ಕಿಂತ ಜಾಸ್ತಿ ಆಗಿಬರುವುದಿಲ್ಲ. ಅದಕ್ಕೇ ಹೋಟೆಲ್ ಬೇಡ, ಅಡುಗೆಮನೆ ಇರುವ ಅಪಾರ್ಟ್‌ಮೆಂಟೇ ಬೇಕು.

ಪರಿಚಯದವರೆಲ್ಲ ಪೊಸಿಟಾನೊ ಅನ್ನುತ್ತಾರೆ. ಫೋಟೊ ನೋಡಿದರೆ ಊರಿಗೆ ಊರೇ ಬೆಟ್ಟಕ್ಕೆ ಅಂಟಿಕೊಂಡಿದೆ. ನನ್ನ ಮನಸ್ಸು ಅಲ್ಲಿಗೆ ಹತ್ತಿರದ ಸಲೆರ್ನೊ ಊರಿನ ಕಡೆ ಇದೆ. ಅಲ್ಲಿ ಮನೆ ಹಿಡಿದವರು ಯಾರಾದರೂ ಇದ್ದೀರಾ? ಊರಿನ ಯಾವ ಭಾಗ ನೋಡಬೇಕು? ಅಮ್ಮ ಪಾಸ್‌ಪೋರ್ಟ್ ಮಾಡಿಸಿದ್ದೇ ಈ ವರ್ಷ. ಅವರು ಕೋಣೆಯಲ್ಲಿ ಕೂತು ದಿನ ಕಳೆಯುವ ಹಾಗಾಗಬಾರದು.

ರಾಜಾಜಿನಗರ ಆರನೇ ಬ್ಲಾಕ್

ಮೇಡಂ, ದಯವಿಟ್ಟು ಸಲೆರ್ನೊನೇ ಹಿಡಿಯಿರಿ. ನಾನು ಅಪ್ಪ ಅಮ್ಮನ ಜೊತೆ ಎರಡೂ ಕಡೆ ಇದ್ದು ಬಂದವನು. ಮೊದಲು ಮೂರು ರಾತ್ರಿ ಪೊಸಿಟಾನೊ. "ಸಮುದ್ರಕ್ಕೆ ಐದು ನಿಮಿಷ" ಅಂತ ಹಾಕಿದ್ದರು. ಐದು ನಿಮಿಷವೇನೋ ನಿಜ, ಅಷ್ಟೂ ಮೆಟ್ಟಿಲು. ನಾನೇ ಎಣಿಸಿದೆ, 214. ಮೊದಲ ದಿನ ಇಳಿದು ಹತ್ತಿದ ಅಪ್ಪ ಮಾರನೇ ದಿನ ಕೆಳಗೆ ಬರಲೇ ಇಲ್ಲ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, "ನೀವು ಹೋಗಿ ಬನ್ನಿ" ಅಂದರು. ಅಷ್ಟು ದೂರ ಕರೆದುಕೊಂಡು ಹೋಗಿ ಅವರನ್ನು ಹಾಗೆ ಕೂರಿಸಿದೆನಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಸಲೆರ್ನೊಗೆ ಬಂದ ಮೇಲೆ ಅದೇ ಅಪ್ಪ ದಿನಾ ಸಂಜೆ ಲುಂಗೊಮಾರೆಯಲ್ಲಿ ವಾಕಿಂಗ್ ಹೋದರು. ಅದು ಸಮುದ್ರದ ಪಕ್ಕದ ದಾರಿ. ಉದ್ದಕ್ಕೂ ತಾಳೆ ಮರ, ಅಲ್ಲಲ್ಲಿ ಬೆಂಚು, ಏರು ಇಳಿತ ಇಲ್ಲ. ರೈಲ್ವೆ ಸ್ಟೇಷನ್ ಎದುರಿನಿಂದಲೇ ಕೊರ್ಸೊ ವಿತ್ತೋರಿಯೊ ಎಮಾನ್ಯುಯೆಲೆ ಅನ್ನುವ ರಸ್ತೆ ಶುರುವಾಗುತ್ತದೆ. ಅಲ್ಲಿ ವಾಹನ ಓಡಾಟವಿಲ್ಲ, ಬರೀ ಅಂಗಡಿ ಸಾಲು. ಈ ರಸ್ತೆಗೂ ಸಮುದ್ರಕ್ಕೂ ನಡುವೆ ಮನೆ ಹುಡುಕಿ. ಹಳೇ ಊರಿನ ಗಲ್ಲಿಗಳು ತುಂಬಾ ಚೆನ್ನಾಗಿವೆ, ಸುಮ್ನೆ ಸುತ್ತಾಡಿ ಬನ್ನಿ. ಉಳಿಯೋದು ಮಾತ್ರ ಅಲ್ಲಿ ಬೇಡ, ಎಷ್ಟೋ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲ.

ದುಡ್ಡು ಕಟ್ಟುವ ಮುಂಚೆ ಲಿಫ್ಟ್ ಇದೆಯಾ ಅಂತಷ್ಟೇ ಕೇಳಿದರೆ ಸಾಲದು. ಬೀದಿ ಬಾಗಿಲಿಂದ ಲಿಫ್ಟ್‌ವರೆಗೆ ಎಷ್ಟು ಮೆಟ್ಟಿಲು ಅಂತ ಬರವಣಿಗೆಯಲ್ಲಿ ಕೇಳಿ. ನಮ್ಮ ಕಟ್ಟಡದಲ್ಲಿ ಲಿಫ್ಟ್‌ಗಿಂತ ಮುಂಚೆ ಎಂಟು ಮೆಟ್ಟಿಲಿತ್ತು. 2025ರ ಜನವರಿಯಿಂದ ಪ್ರವಾಸಿಗರಿಗೆ ಬಾಡಿಗೆ ಕೊಡುವ ಮನೆಗಳಿಗೆ ಸಿ.ಐ.ಎನ್. ಅನ್ನುವ ನೋಂದಣಿ ನಂಬರ್ ಕಡ್ಡಾಯ. ಜಾಹೀರಾತಿನಲ್ಲಿ ಅದಿಲ್ಲದಿದ್ದರೆ ಆ ಮನೆ ಬಿಟ್ಟುಬಿಡಿ. ತಲೆಗಿಷ್ಟು, ರಾತ್ರಿಗಿಷ್ಟು ಅಂತ ಪ್ರವಾಸಿ ತೆರಿಗೆ ಬೇರೆ ಇರುತ್ತದೆ, ಸ್ವಲ್ಪ ಯೂರೊ ಕೈಯಲ್ಲಿರಲಿ.

ಅದೇ ಕರಾವಳಿಯ ಅಮಾಲ್ಫಿ ಊರು ನೋಡಲು ಬಸ್ಸಿಗಿಂತ ದೋಣಿ ಮೇಲು. ಸ್ಟೇಷನ್ ಹತ್ತಿರದ ಪಿಯಾತ್ಸಾ ಡೆಲ್ಲಾ ಕೊಂಕೊರ್ಡಿಯಾದಿಂದ ಹೊರಟರೆ ಸುಮಾರು 35 ನಿಮಿಷ. ಅಕ್ಟೋಬರ್‌ನಲ್ಲಿ ಸಮುದ್ರ ಕೆರಳಿದರೆ ದೋಣಿ ನಿಲ್ಲಿಸುತ್ತಾರೆ, ಹಾಗಾಗಿ ಅಮಾಲ್ಫಿಯನ್ನು ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಸಲೆರ್ನೊ ಬೀಚ್ ಅಷ್ಟಕ್ಕಷ್ಟೆ. ಮಗ ನೀರಿಗಿಳಿಯಬೇಕು ಅಂದರೆ ದಾರಿಯಲ್ಲಿ ಮಾಯೋರಿ ಸಿಗುತ್ತದೆ. ಆ ಕರಾವಳಿಯಲ್ಲೇ ಉದ್ದದ ಬೀಚ್ ಅದು.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ಊರು ಪೊಂಪೈಗೂ ಅಮ್ಮನನ್ನು ಕರೆದುಕೊಂಡು ಹೋಗಿ. ಕಲ್ಲು ಹಾಸಿದ ಬೀದಿ ಮಂಡಿಗೆ ಕಷ್ಟ, ಆದರೆ ಪಿಯಾತ್ಸಾ ಆನ್ಫಿತೆಯಾತ್ರೊ ಬಾಗಿಲಿಂದ ಒಳಗೆ ಹೋದರೆ ವೀಲ್‌ಚೇರ್‌ಗೂ ಆಗುವ ದಾರಿ ಮಾಡಿದ್ದಾರೆ. ಆ ದಾರಿ ಮೂರು ಕಿಲೋಮೀಟರ್‌ಗಿಂತ ಉದ್ದ ಇದೆ, ಆದಷ್ಟು ನೋಡಿ ವಾಪಸ್ ಬನ್ನಿ. ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೆಟ್ ಮೊದಲೇ ತೆಗೆದಿಡಿ.

ನನ್ನ ಮನಸ್ಸಿನಲ್ಲಿ ಉಳಿದ ಜಾಗ ಪೆಸ್ಟುಮ್. ಸಲೆರ್ನೊದಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ. ಗ್ರೀಕರು ಕಟ್ಟಿದ ಮೂರು ದೇವಸ್ಥಾನಗಳು, ನಮ್ಮ ಐಹೊಳೆಗಿಂತ ಸುಮಾರು ಸಾವಿರ ವರ್ಷ ಹಳೆಯವು. ಸಮತಟ್ಟು ಹುಲ್ಲು ಬಯಲಿನಲ್ಲಿ ನಿಂತಿವೆ. ಕಂಬದ ಕಲ್ಲಿನ ತುಂಬಾ ಸಣ್ಣ ಸಣ್ಣ ತೂತು, ಮಧ್ಯಾಹ್ನದ ಬಿಸಿಲಿಗೆ ಜೇನುತಟ್ಟಿಯ ಬಣ್ಣ. ಪಕ್ಕದ ಮ್ಯೂಸಿಯಂನಲ್ಲಿ 1968ರಲ್ಲಿ ಸಿಕ್ಕ ಒಂದು ಸಮಾಧಿಯ ಮುಚ್ಚಳ ಇದೆ. ಅದರ ಒಳಮೈ ಮೇಲೆ ಒಬ್ಬ ಹುಡುಗ ಮೇಲಿಂದ ನೀರಿಗೆ ಹಾರುತ್ತಿರುವ ಚಿತ್ರ. ನಮ್ಮಪ್ಪ ಹಳ್ಳಿಯ ಬಾವಿಯಲ್ಲಿ ಈಜು ಕಲಿತವರು. ಅದರ ಮುಂದೆ ಹತ್ತು ನಿಮಿಷ ನಿಂತಿದ್ದರು. "ಕೈ ಸರಿಯಾಗೇ ಚಾಚಿದ್ದಾನೆ" ಅಂದರು.

ಬನಶಂಕರಿ ಅಡುಗೆಮನೆ

ಅಡುಗೆ ವಿಷಯ ನಾನು ಹೇಳುತ್ತೇನೆ ಅಕ್ಕ. ತುಪ್ಪ, ಹಾಲಿನ ಪುಡಿ, ಹಸಿ ಕರಿಬೇವು ತೆಗೆದುಕೊಂಡು ಹೋಗಬೇಡಿ, ಒಳಗೆ ಬಿಡುವುದಿಲ್ಲ. ಸಾರಿನ ಪುಡಿ, ತೊಗರಿಬೇಳೆ, ಇಂಗು, ಸಣ್ಣ ಕುಕ್ಕರ್ ಇಟ್ಟುಕೊಳ್ಳಿ. ಕುಕ್ಕರ್ ಇಂಡಕ್ಷನ್ ತಳದ್ದೇ ಇರಲಿ, ಗ್ಯಾಸ್ ಒಲೆ ಇಲ್ಲದ ಮನೆಗಳೂ ಇವೆ. ಅಲ್ಲಿನ ಮನೆಗಳಿಗೆ ಸಾಮಾನ್ಯವಾಗಿ 3 ಕಿಲೋವ್ಯಾಟ್ ಕರೆಂಟ್ ಮಾತ್ರ. ಇಂಡಕ್ಷನ್, ಗೀಸರ್, ವಾಷಿಂಗ್ ಮೆಷಿನ್ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುತ್ತದೆ. ನಮಗೆ ಮೊದಲ ರಾತ್ರಿಯೇ ಹಾಗಾಗಿ, ಅರ್ಧ ಬೆಂದ ಅನ್ನ ಇಟ್ಟುಕೊಂಡು ಕತ್ತಲಲ್ಲಿ ಮೇನ್ ಸ್ವಿಚ್ ಹುಡುಕಿದ್ದೆವು. ಅದು ಎಲ್ಲಿದೆ ಅಂತ ಬೀಗದ ಕೈ ತಗೊಳ್ಳುವಾಗಲೇ ಕೇಳಿ.

ಅಕ್ಕಿ ಹೊರಬೇಡಿ. ಅಲ್ಲಿನವರು ರಿಸೊಟ್ಟೊ ಅನ್ನುವ ಅನ್ನದ ಅಡುಗೆಗೆ ಹಾಕುವ ಅಕ್ಕಿ ಮೆತ್ತಗೆ ಬೇಯುತ್ತದೆ, ಮೊಸರನ್ನಕ್ಕೆ ಬಹಳ ಚೆನ್ನಾಗಿರುತ್ತದೆ. ಪೆಸ್ಟುಮ್ ಸುತ್ತ ಎಮ್ಮೆ ಸಾಕುತ್ತಾರೆ, ಎಮ್ಮೆ ಹಾಲಿನ ಮೊಜರೆಲ್ಲಾ ಚೀಸ್‌ಗೆ ಹೆಸರಾದ ಜಾಗ. ಆದರೆ ಅದಕ್ಕೂ ಪಾರ್ಮೆಸಾನ್ ಚೀಸ್‌ಗೂ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಅಮ್ಮ ಕಟ್ಟಾ ಸಸ್ಯಾಹಾರಿ ಆಗಿದ್ದರೆ ಮೊದಲೇ ಹೇಳಿಬಿಡಿ, ಆಮೇಲೆ ಗೊತ್ತಾದರೆ ನೊಂದುಕೊಳ್ಳುತ್ತಾರೆ. ಹೊರಗೆ ಪಿಜ್ಜಾ ಮರಿನಾರಾ ತಿನ್ನಬಹುದು. ಹೆಸರಿನಲ್ಲಿ ಸಮುದ್ರದ ನಂಟಿದೆ ಅಂತ ಮೀನು ಅಂದುಕೊಳ್ಳಬೇಡಿ, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಚೀಸ್ ಇರಲ್ಲ.

ಗಿರಿನಗರದ ಮಗಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಚೀಸ್ ಬೇಡವೇ ಬೇಡ ಅಂದರು. ಆ ನೀರಿಗೆ ಹಾರುವ ಹುಡುಗನನ್ನು ನೋಡಲೇಬೇಕಂತೆ. ಪೆಸ್ಟುಮ್ ಸ್ಟೇಷನ್‌ನಿಂದ ತುಂಬಾ ನಡೆಯಬೇಕಾ ಸರ್?

ರಾಜಾಜಿನಗರ ಆರನೇ ಬ್ಲಾಕ್

ಇಲ್ಲ ಮೇಡಂ. ಸ್ಟೇಷನ್‌ನಿಂದ ಆಚೆ ಬಂದರೆ ಎದುರಿಗೇ ಹಳೇ ಕೋಟೆ ಬಾಗಿಲು. ಅದರೊಳಗೆ ಹಾದು ನೇರ ನಡೆಯಿರಿ, ಅಮ್ಮನ ನಡಿಗೆಗೆ ಕಾಲು ಗಂಟೆ. ಒಂದೇ ಒಂದು ಮೆಟ್ಟಿಲು ಸಿಕ್ಕಿದ್ದೂ ನೆನಪಿಲ್ಲ. ವಾಪಸ್ ರೈಲಿನ ಟೈಮ್ ಮಾತ್ರ ಇಳಿದ ಕೂಡಲೇ ನೋಡಿಕೊಳ್ಳಿ, ಮಧ್ಯಾಹ್ನ ರೈಲು ಕಡಿಮೆ.