ಒಂದೇ ಏಟಿಗೆ ಸತ್ತರೆ ಕೊಲೆಯೋ, ಕೊಲೆಯಲ್ಲದ ನರಹತ್ಯೆಯೋ? ಕೋರ್ಟ್ ಅನುಭವ ಇದ್ದವರು ಹೇಳಿ

ಚನ್ನಗಿರಿ ಕಡೆಯಿಂದ, ಕೇಳಿದವರು:
ಭದ್ರಾ ನಾಲೆ ನೀರಿನ ಸರದಿಗೆ ನಮ್ಮ ಚಿಕ್ಕಪ್ಪನಿಗೂ ಪಕ್ಕದ ಗದ್ದೆಯವನಿಗೂ ಬೆಳಿಗ್ಗೆ ಜಗಳ ಆಯಿತು. ಚಿಕ್ಕಪ್ಪ ಸಲಿಕೆ ಬೀಸಿದರು, ಅವನ ಕೈಗೆ ತಾಗಿತು. ಜನ ಬಿಡಿಸಿ ಕಳಿಸಿದರು. ಮಧ್ಯಾಹ್ನ ಅವನು ಮನೆಯಿಂದ ಮಚ್ಚು ತಂದು, ತೂಬಿನ ಹತ್ತಿರ ಚಿಕ್ಕಪ್ಪನ ಕುತ್ತಿಗೆಗೆ ಹೊಡೆದ. ಒಂದೇ ಏಟು. ದಾವಣಗೆರೆ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ತೀರಿಕೊಂಡರು. ಹೊಸ ಕಾನೂನಿನ (ಭಾರತೀಯ ನ್ಯಾಯ ಸಂಹಿತೆ) 103ರ ಕೆಳಗೆ, ಅಂದ್ರೆ ಕೊಲೆ ಅಂತ ಕೇಸಾಗಿದೆ. "ಸಿಟ್ಟಲ್ಲಿ ಆಗಿದ್ದು, ಒಂದೇ ಏಟು, 105ಕ್ಕೆ (ಕೊಲೆಯಲ್ಲದ ನರಹತ್ಯೆ) ಇಳಿಯುತ್ತೆ" ಅಂತ ಆ ಕಡೆಯವರು ಊರೆಲ್ಲ ಹೇಳಿಕೊಂಡು ಓಡಾಡ್ತಿದ್ದಾರೆ. ಕೊಲ್ಲೋ ಉದ್ದೇಶ ಇತ್ತು ಅಂತ ಹೇಗೆ ತೋರಿಸ್ತಾರೆ? ಚಿಕ್ಕಮ್ಮ ಮತ್ತು ನಾನು ಸಾಕ್ಷಿಗಳು. ಸಲಿಕೆ ವಿಚಾರ ಹೇಳಲೇಬೇಡಿ ಅಂತ ನೆಂಟರು ಹೇಳ್ತಿದ್ದಾರೆ.

ದಾವಣಗೆರೆ ವಕೀಲ:
ಮೊದಲು ಸಲಿಕೆ ವಿಚಾರ. ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅವನ ಕೈಗೆ ಗಾಯ ಆಗಿದ್ದರೆ, ಬಂಧಿಸಿದಾಗ ಮಾಡಿಸಿದ ವೈದ್ಯಕೀಯ ಪರೀಕ್ಷೆಯಲ್ಲಿ ಅದು ಬಂದಿರುತ್ತೆ. ಆರೋಪಿ ಮೈಮೇಲಿನ ಗಾಯ ಹೇಗಾಯಿತು ಅಂತ ಪ್ರಾಸಿಕ್ಯೂಷನ್ ಹೇಳದೆ ಹೋದರೆ, ಸಾಕ್ಷಿಗಳು ಏನೋ ಮುಚ್ಚಿಟ್ಟಿದ್ದಾರೆ ಅಂತ ಕೋರ್ಟ್ ಅನುಮಾನ ಪಡಬಹುದು. 1976ರ ಲಕ್ಷ್ಮೀ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬೆಳಿಗ್ಗೆ ಏಟು ತಿಂದವನು ಮಧ್ಯಾಹ್ನ ಮಚ್ಚು ಹಿಡಿದು ಬಂದ ಅಂದ್ರೆ ಯಾಕೆ ಬಂದ ಅನ್ನೋದಕ್ಕೆ ಉತ್ತರ ಆ ಸಲಿಕೆಯಲ್ಲೇ ಇದೆ. ನೆಂಟರು ಮುಚ್ಚಿಡಿ ಅಂತಿರೋದು ನಿಮ್ಮ ಕೇಸಿನ ಬೇರನ್ನೇ.

ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ನೇರವಾಗಿ ಸಾಬೀತು ಮಾಡೋಕಾಗಲ್ಲ. ನಡೆದುಕೊಂಡ ರೀತಿಯಿಂದ ಕೋರ್ಟ್ ಅದನ್ನು ತಿಳಿದುಕೊಳ್ಳುತ್ತೆ. 2006ರ ಪುಲಿಚೆರ್ಲ ನಾಗರಾಜು ತೀರ್ಪಿನಲ್ಲಿ ಏನೇನು ನೋಡಬೇಕು ಅಂತ ಬಿಡಿಸಿ ಹೇಳಿದ್ದಾರೆ. ಆಯುಧ ಎಂಥದು, ಕೈಯಲ್ಲಿ ತಂದಿದ್ದಾ ಅಥವಾ ಅಲ್ಲೇ ಬಿದ್ದಿದ್ದನ್ನು ಎತ್ತಿಕೊಂಡಿದ್ದಾ, ಏಟು ದೇಹದ ಯಾವ ಭಾಗಕ್ಕೆ, ಎಷ್ಟು ಜೋರಾಗಿ, ಹಳೇ ದ್ವೇಷ ಇತ್ತಾ, ಆ ಕ್ಷಣದಲ್ಲಿ ಎದ್ದ ಜಗಳವಾ. ನಿಮ್ಮ ಕೇಸಲ್ಲಿ ಇವುಗಳಲ್ಲಿ ಹೆಚ್ಚಿನವು ನಿಮ್ಮ ಕಡೆಗೇ ಇವೆ.

ಒಂದೇ ಏಟು ಅನ್ನೋ ವಾದಕ್ಕೆ 1958ರ ವಿರ್ಸಾ ಸಿಂಗ್ ಕೇಸ್ ನೋಡಿ. ಹೊಟ್ಟೆಗೆ ಭರ್ಜಿಯ ಒಂದೇ ತಿವಿತ. ಕೊಲ್ಲಬೇಕು ಅಂತಲೇ ಇತ್ತಾ ಅನ್ನೋದು ಬೇಕಿಲ್ಲ, ಆ ಗಾಯವನ್ನು ಬೇಕಂತಲೇ ಮಾಡಿದನಾ, ಆ ಗಾಯ ಸಹಜವಾಗಿ ಸಾವು ತರುವಷ್ಟು ದೊಡ್ಡದಾ, ಇಷ್ಟು ಸಾಕು ಅಂತ ಹೇಳಿ ಕೊಲೆ ಅಂತಲೇ ತೀರ್ಮಾನ ಆಯಿತು. ಕುತ್ತಿಗೆಗೆ ಗುರಿಯಿಟ್ಟು ಹೊಡೆದದ್ದಾ, ಎಳೆದಾಟದಲ್ಲಿ ಮಚ್ಚು ಜಾರಿ ತಾಗಿದ್ದಾ ಅನ್ನೋದರ ಮೇಲೆ ಇಲ್ಲಿ ವಾದ ನಡೆಯುತ್ತೆ.

ಇನ್ನು "ಸಿಟ್ಟಲ್ಲಿ ಆಗಿದ್ದು" ಅನ್ನೋದು. ಕೆರಳಿಸಿದ್ದು ದೊಡ್ಡದಿರಬೇಕು, ಹಠಾತ್ತೂ ಆಗಿರಬೇಕು, ಸಿಟ್ಟು ಇಳಿಯೋಕೆ ಹೊತ್ತು ಸಿಕ್ಕಿರಬಾರದು. ನಾನಾವತಿ ಕೇಸ್ ಕೇಳಿರ್ತೀರಿ. 1959ರಲ್ಲಿ ಆ ನೌಕಾಪಡೆ ಅಧಿಕಾರಿ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತಗೊಂಡು, ಆಮೇಲೆ ಹೆಂಡತಿ ಜೊತೆ ಸಂಬಂಧ ಇಟ್ಟುಕೊಂಡಿದ್ದವನ ಮನೆಗೆ ಹೋಗಿ ಗುಂಡು ಹಾರಿಸಿದರು. ನಡುವೆ ಸುಮಾರು ಮೂರು ಗಂಟೆ ಹೋಗಿತ್ತು. ಅಷ್ಟು ಹೊತ್ತು ಸಿಕ್ಕಿದೆ ಅಂತ ಹೇಳಿ 1961ರಲ್ಲಿ ಸುಪ್ರೀಂ ಕೋರ್ಟ್ ಕೊಲೆ ಶಿಕ್ಷೆಯನ್ನೇ ಎತ್ತಿಹಿಡಿಯಿತು. ನಿಮ್ಮ ಕೇಸೂ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಿನ ಹೊತ್ತಿನ ಮೇಲೆ ನಿಂತಿದೆ. ಅವನು ಮನೆಗೆ ಹೋದದ್ದು, ವಾಪಸ್ ಬಂದದ್ದು ನೋಡಿದವರು ಯಾರಾದರೂ ಹೇಳಿಕೆ ಕೊಟ್ಟಿದ್ದಾರಾ? "ಅಡಿಕೆ ತೋಟಕ್ಕೆ ಮಚ್ಚು ಒಯ್ಯೋದು ಮಾಮೂಲು" ಅಂತ ಅವರ ವಕೀಲರು ಖಂಡಿತ ಕೇಳ್ತಾರೆ. ನಿಮ್ಮ ಕಡೆ ಅದು ಮಾಮೂಲೇ, ಅಲ್ವಾ. ಆ ಪ್ರಶ್ನೆಗೆ ಉತ್ತರ ಕೊಡೋದು ಅವನು ಮನೆಯಿಂದ ಬರೋದನ್ನು ನೋಡಿದ ಸಾಕ್ಷಿಯೇ.

ಆಸ್ಪತ್ರೆಯಲ್ಲಿ ಕೆಲವು ದಿನ ಬದುಕಿದ್ದರು ಅನ್ನೋದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಳ್ಳೆ ಚಿಕಿತ್ಸೆ ಸಿಕ್ಕಿದ್ದರೆ ಉಳೀತಿದ್ದರು ಅನ್ನೋ ಮಾತು ಆರೋಪಿಯ ನೆರವಿಗೆ ಬರಲ್ಲ, ನ್ಯಾಯ ಸಂಹಿತೆಯ 100ನೇ ಕಲಂನಲ್ಲೇ ಅದಿದೆ.

ಚಳ್ಳಕೆರೆಯಿಂದ:
ನಾವು ಇನ್ನೊಂದು ಕಡೆ ನಿಂತವರು. ಬೇಜಾರು ಮಾಡ್ಕೋಬೇಡಿ, ತಮ್ಮಾ. ನಮ್ಮಣ್ಣ ಶೇಂಗಾ ಕಣದಲ್ಲಿ ಜಗಳ ಆಗಿ, ಅಲ್ಲೇ ಬಿದ್ದಿದ್ದ ಬಡಿಗೆಯಿಂದ ಒಬ್ಬರ ತಲೆಗೆ ಹೊಡೆದ. ಆಗ ಹಳೇ ಕಾನೂನು (ಐಪಿಸಿ), ಕೊಲೆ ಅಂತ 302 ಹಾಕಿದ್ದರು. ಕೊನೆಗೆ 304ರ ಎರಡನೇ ಭಾಗಕ್ಕೆ, ಅಂದ್ರೆ ಉದ್ದೇಶ ಇಲ್ಲದೆ ಅರಿವು ಮಾತ್ರ ಇದ್ದ ನರಹತ್ಯೆಗೆ ಬಂತು. ಬಡಿಗೆ ತಂದಿದ್ದಲ್ಲ, ಜಗಳ ಆ ಕ್ಷಣದ್ದು, ಹೊಡೆದವನೇ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ. ಇಷ್ಟೂ ಸೇರಿ ಇಳಿಯಿತು. ಒಂದೇ ಏಟು ಅನ್ನೋದು ಅದರಲ್ಲಿ ಒಂದು, ಅಷ್ಟೆ. ಹಾಗಂತ ಬಿಟ್ಟು ಕಳಿಸಲಿಲ್ಲ, ಜೈಲಾಯಿತು. 105 ಅಂದ್ರೆ ಏನೂ ಇಲ್ಲ ಅನ್ನೋ ಹಾಗೆ ಊರಲ್ಲಿ ಮಾತಾಡ್ತಾರಲ್ಲ, ಅದು ಸುಳ್ಳು.

ದಾವಣಗೆರೆ ವಕೀಲ:
ಹೌದು. ಹೊಸ 105ರಲ್ಲಿ ಉದ್ದೇಶ ಇದ್ದರೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷ. ಸಾವು ಬರಬಹುದು ಅನ್ನೋ ಅರಿವು ಮಾತ್ರ ಇದ್ದರೆ 10 ವರ್ಷದವರೆಗೆ. ಎರಡಕ್ಕೂ ದಂಡ ಬೇರೆ. 103ಕ್ಕೆ ಮರಣದಂಡನೆ ಅಥವಾ ಜೀವಾವಧಿ.

ಹೊಸದುರ್ಗ, ಪೊಲೀಸ್ ಇಲಾಖೆಯಿಂದ ನಿವೃತ್ತ:
ಒಂದು ಮಾತು ಕೇಳ್ತೀನಿ. ಹೊಡೆಯುವಾಗ "ಇವತ್ತು ನಿನ್ನ ಮುಗಿಸ್ತೀನಿ" ಅಂತ ಕೂಗಿದ ಅಂತ ಯಾರಾದರೂ ಹೇಳೋಕೆ ತಯಾರಾಗಿದ್ದಾರಾ? ಈ ಮಾತು ಬಾರದ ಕೇಸು ನನ್ನ ಸರ್ವೀಸಲ್ಲಿ ಅಪರೂಪ. ನಿಜವಾಗಿ ಕೂಗಿದ್ದರೆ ಸರಿ. ಆದರೆ ಪೊಲೀಸರ ಮುಂದೆ ಕೊಟ್ಟ ಮೊದಲ ಹೇಳಿಕೆಯಲ್ಲಿ ಇಲ್ಲದ್ದನ್ನು ಕೋರ್ಟಲ್ಲಿ ಹೊಸದಾಗಿ ಹೇಳಿದರೆ, ಪಾಟೀ ಸವಾಲಿನಲ್ಲಿ ಅದನ್ನೇ ಹಿಡಿದು ಎಳೀತಾರೆ. ಆಮೇಲೆ ನಿಮ್ಮ ಸತ್ಯವಾದ ಮಾತಿನ ಮೇಲೂ ಅನುಮಾನ ಬರುತ್ತೆ. ಕುತ್ತಿಗೆಗೆ ಮಚ್ಚು ಬಿದ್ದಿರುವಾಗ ಡೈಲಾಗ್ ಬೇಕಾಗಿಲ್ಲ.

ಚಿಕ್ಕಪ್ಪ ಆಸ್ಪತ್ರೆಯಲ್ಲಿ ಮಾತಾಡುವ ಸ್ಥಿತಿಯಲ್ಲಿದ್ದರಾ? ಆಗ ಪೊಲೀಸರೋ ತಹಶೀಲ್ದಾರರೋ ಹೇಳಿಕೆ ಬರೆದುಕೊಂಡಿದ್ದರೆ ಅದು ಮರಣ ಹೇಳಿಕೆ ಆಗುತ್ತೆ. ಬರೀ ದೂರು ಅಂತ ಬರೆದುಕೊಂಡಿದ್ದರೂ ಆಗುತ್ತೆ. ಮಾತಾಡೋಕೆ ಶಕ್ತರಿದ್ದರು ಅಂತ ಡಾಕ್ಟರ್ ಬರೆದಿದ್ದಾರಾ ನೋಡಿ. ಮಚ್ಚು ಸಿಕ್ಕಿದ ಮೇಲೆ ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರಿಗೆ ತೋರಿಸಿ, ಈ ಗಾಯ ಇದರಿಂದ ಆಗಬಹುದಾ ಅಂತ ಅಭಿಪ್ರಾಯ ಪಡೆದಿರಬೇಕು. ಮಚ್ಚು ತೋರಿಸಿಕೊಟ್ಟ ಪಂಚನಾಮೆಯ ಪಂಚರು ಉಲ್ಟಾ ಹೊಡೆಯೋದು ಮಾಮೂಲು, ಅದೊಂದರಿಂದಲೇ ಕೇಸು ಬೀಳಲ್ಲ.

ಕೇಳಿದವರು:
ಮಾತಾಡ್ತಿದ್ದರು ಸರ್, ಎರಡನೇ ದಿನ ಪೊಲೀಸರು ಬಂದು ಬರೆದುಕೊಂಡರು. ಅದರಲ್ಲಿ ಸಲಿಕೆ ವಿಚಾರ ಚಿಕ್ಕಪ್ಪನೇ ಹೇಳಿದ್ದಾರೆ ಅನ್ಸುತ್ತೆ. ಕೋರ್ಟ್ 105 ಅಂತ ಅಂದುಬಿಟ್ಟರೆ ನಾವೇನು ಮಾಡೋಕಾಗುತ್ತೆ?

ದಾವಣಗೆರೆ ವಕೀಲ:
ಚಿಕ್ಕಪ್ಪನೇ ಹೇಳಿದ್ದನ್ನು ನೀವು ಇಲ್ಲ ಅಂದಿದ್ದರೆ ಏನಾಗ್ತಿತ್ತು ನೋಡಿ. ಚಾರ್ಜ್‌ಶೀಟ್ ಪ್ರತಿ ತಗೊಂಡು ಆ ಹೇಳಿಕೆ ಓದಿ. ಕಡಿಮೆ ಅಪರಾಧಕ್ಕೆ ಶಿಕ್ಷೆ ಆದರೆ ನೊಂದವರ ಕಡೆಯವರೇ ಮೇಲ್ಮನವಿ ಹಾಕಬಹುದು, ಹೊಸ ನಾಗರಿಕ ಸುರಕ್ಷಾ ಸಂಹಿತೆಯ (ಕೋರ್ಟ್ ವಿಚಾರಣೆ ಹೇಗೆ ನಡೆಯಬೇಕು ಅನ್ನೋ ಕಾನೂನು) 413ನೇ ಕಲಂ. ನಮ್ಮ ಜಿಲ್ಲೆಯದು ಬೆಂಗಳೂರಿನ ಹೈಕೋರ್ಟಿಗೆ ಹೋಗುತ್ತೆ, ಧಾರವಾಡ ಪೀಠಕ್ಕಲ್ಲ. ಅಲ್ಲಿವರೆಗೂ ಕಾಯೋದು ಬೇಡ. ಸರ್ಕಾರಿ ವಕೀಲರಿಗೆ ನೆರವಾಗೋಕೆ ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳೋಕೆ ಕೋರ್ಟ್ ಅನುಮತಿ ಕೊಡುತ್ತೆ. ಆರೋಪ ನಿಗದಿಗೆ ಮುಂಚೆಯೇ ಅರ್ಜಿ ಹಾಕಿ.