ಖಿನ್ನತೆ ಇಲ್ಲದವರು ಸ್ವಭಾವ ಬದಲಾಗಲಿ ಅಂತ ಎಸ್ಸಿಟಾಲೋಪ್ರಾಮ್ ಕೇಳಿದರೆ?

ಪ್ರಶ್ನೆ (ಆಪ್ತಸಮಾಲೋಚಕಿ):
ಚರ್ಚೆಗೆ ಒಂದು ಪ್ರಸಂಗ. ವಯಸ್ಸು ಮೂವತ್ತರ ಆಸುಪಾಸು. ನಿದ್ದೆ, ಊಟ, ಕೆಲಸ ಎಲ್ಲ ಸರಿಯಾಗಿದೆ, ಖಿನ್ನತೆ ಇಲ್ಲ. ಆದರೆ ಮೊದಲಿಂದಲೂ ಮಾತು ಕಡಿಮೆ. ಯಾರಾದರೂ ಏನಾದರೂ ಅಂದರೆ ಎರಡು ದಿನ ಅದೇ ಕೊರೆಯುತ್ತೆ. ಮೀಟಿಂಗಿನಲ್ಲಿ ಬಾಯಿ ಬಿಡಲ್ಲ ಅಂತ ಬಡ್ತಿ ತಪ್ಪಿದೆ. ಖಿನ್ನತೆ, ಆತಂಕಕ್ಕೆ ಕೊಡುವ ಎಸ್ಸಿಟಾಲೋಪ್ರಾಮ್ ಮಾತ್ರೆ 10 ಮಿ.ಗ್ರಾಂ ತಗೊಂಡು ಸ್ವಭಾವವನ್ನೇ ಬದಲಿಸಿಕೊಳ್ಳೋ ಆಸೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನೋ ಗಾದೆ ಪಕ್ಕಕ್ಕಿಡೋಣ. ಮಾತ್ರೆಯಿಂದ ಗುಣ ಬದಲಾಗುತ್ತಾ? ಆಗೋದಾದರೆ ಬರೆದುಕೊಡೋದು ಸರಿಯಾ?

ಉತ್ತರ 1 (ಗುಳಿಗೆಲೆಕ್ಕ):
ಬದಲಾಗುತ್ತೆ, ಆದರೆ ಅಂದುಕೊಂಡ ದಿಕ್ಕಿನಲ್ಲೇ ಅಂತಲ್ಲ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಖಿನ್ನತೆಯ 240 ರೋಗಿಗಳಿದ್ದರು. ಸಕ್ಕರೆ ಗುಳಿಗೆ (ಔಷಧವಿಲ್ಲದ ಹುಸಿ ಮಾತ್ರೆ) ತಗೊಂಡು ಖಿನ್ನತೆ ಅಷ್ಟೇ ಇಳಿದವರಿಗೆ ಹೋಲಿಸಿದರೆ, ಎಸ್ಸಿಟಾಲೋಪ್ರಾಮ್ ಜಾತಿಯದೇ ಆದ ಪ್ಯಾರಾಕ್ಸೆಟಿನ್ ತಗೊಂಡವರಲ್ಲಿ ಅಳುಕು-ಚಿಂತೆಯ ಗುಣದಲ್ಲಿ 6.8 ಪಟ್ಟು, ಬೆರೆಯುವ ಗುಣದಲ್ಲಿ 3.5 ಪಟ್ಟು ಹೆಚ್ಚು ಬದಲಾವಣೆ ಕಂಡಿತು. ಅವರೆಲ್ಲ ರೋಗಿಗಳು ಅನ್ನೋದು ಮರೀಬೇಡಿ. ಆರೋಗ್ಯವಂತರಿಗೆ ದಿನಕ್ಕೆ 20 ಮಿ.ಗ್ರಾಂ ಪ್ಯಾರಾಕ್ಸೆಟಿನ್ ನಾಲ್ಕು ವಾರ ಕೊಟ್ಟ 1998ರ ಪ್ರಯೋಗದಲ್ಲಿ ಸಿಡುಕು ತಗ್ಗಿತು, ಜೊತೆಗೂಡಿ ಒಗಟು ಬಿಡಿಸುವಾಗ ಹೊಂದಾಣಿಕೆ ಹೆಚ್ಚಿತು. ಅಂದರೆ ಮಾತ್ರೆ ಕೊರೆತವನ್ನು ಕಮ್ಮಿ ಮಾಡಬಹುದು. ಸಭೆಯಲ್ಲಿ ಏನು ಮಾತಾಡಬೇಕು ಅನ್ನೋದನ್ನ ಕಲಿಸಲ್ಲ.

ಉತ್ತರ 2 (ನೀತಿಮಿತಿ):
ನನ್ನ ತಕರಾರು ಅಲ್ಲೇ ಇರೋದು. 2010ರ ಇನ್ನೊಂದು ಪ್ರಯೋಗದಲ್ಲಿ ಆರೋಗ್ಯವಂತರಿಗೆ ಇದೇ ಜಾತಿಯ ಸಿಟಾಲೋಪ್ರಾಮ್ 30 ಮಿ.ಗ್ರಾಂ, ಒಂದೇ ಒಂದು ಡೋಸ್ ಕೊಟ್ಟರು. ಒಬ್ಬರಿಗೆ ನೋವು ಮಾಡೋದು ಅವರಿಗೆ ಹೆಚ್ಚು ತಪ್ಪಾಗಿ ಕಂಡಿತು. ಒಳ್ಳೇದೇ ಬಿಡಿ. ಆದರೆ ದುಡ್ಡು ಹಂಚುವ ಆಟದಲ್ಲಿ ಎದುರಿನವನು ಅನ್ಯಾಯದ ಪಾಲು ಕೊಟ್ಟಾಗ 'ಬೇಡ' ಅನ್ನೋದೂ ಕಡಿಮೆಯಾಯಿತು! ಸಣ್ಣ ಪ್ರಯೋಗ, ಅದರ ಮೇಲೆ ಮನೆ ಕಟ್ಟೋಕಾಗಲ್ಲ. ಆದರೂ ಬಡ್ತಿಗೋಸ್ಕರ ಮಾತ್ರೆ ನುಂಗುವವರು ಇದನ್ನ ಯೋಚಿಸಬೇಕು: ಬೇಕಾಗಿರೋದು ಬಾಯಿ ಬಿಡೋ ಧೈರ್ಯವೋ, ತಪ್ಪಿದ ಬಡ್ತಿ ಕೊರೆಯದೇ ಇರೋದೋ? ಎರಡನೆಯದಾದರೆ ಲಾಭ ಆಫೀಸಿಗೆ.

ಮನೆಯವರ ಒತ್ತಾಯವೂ ಇದೇ ಥರ. 'ಅಡ್ಜಸ್ಟ್ ಆಗಲಿ' ಅಂತ ಕಾಫಿಯಲ್ಲಿ ಬೆರೆಸಿ ಕೊಡೋದು ಚಿಕಿತ್ಸೆಯೇ ಅಲ್ಲ, ಮೋಸ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ತಿಳಿದು ಕೊಡುವ ಒಪ್ಪಿಗೆಯನ್ನೇ ಕೇಳುತ್ತೆ.

ಉತ್ತರ 3 (ಹರಟೆಮಲ್ಲ):
ಇಷ್ಟೆಲ್ಲ ಯಾಕೆ? ಮುಜುಗರ ಹೋಗಲಿ ಅಂತ ಗುಂಡು ಹಾಕಿದರೆ ಯಾರೂ ನೀತಿ ಕೇಳಲ್ಲ. ವಯಸ್ಕರು, ಅವರ ತಲೆ, ಅವರ ಇಷ್ಟ.

ಉತ್ತರ 4 (ಮನೋವೈದ್ಯ):
ಹರಟೆಮಲ್ಲರೇ, ಇಷ್ಟ ಅವರದೇ, ಒಪ್ಪಿದೆ. ಆದರೆ ಆಯ್ಕೆ ಸರಿಯಿತ್ತಾ ಅಂತ ಅಳೆಯೋ ತಕ್ಕಡಿಯೇ ಮಾತ್ರೆಯಿಂದ ವಾಲುತ್ತೆ. ಹಾಗಾಗಿ ಶುರು ಮಾಡೋ ಮೊದಲೇ ಕಾಗದದಲ್ಲಿ ಬರೆಸಿ: ಏನು ಬದಲಾಗಬೇಕು, ಯಾವುದು ಉಳಿಯಲೇಬೇಕು. ಉದಾಹರಣೆಗೆ 'ಹಾಡು ಕೇಳಿದರೆ ಕಣ್ಣು ತುಂಬೋದು ಉಳೀಬೇಕು'. ನಾಲ್ಕನೇ, ಎಂಟನೇ ವಾರ ಅದೇ ಕಾಗದ ತೆಗೆದು ನೋಡಿ; ಅವರು ಒಪ್ಪಿದ ಆಪ್ತರೊಬ್ಬರನ್ನೂ ಕೇಳಿ. ಅಳುವೂ ಬರಲ್ಲ, ಖುಷಿಯೂ ಆಗಲ್ಲ ಅಂದರೆ ಅದು ಶಾಂತಿಯಲ್ಲ, ಭಾವನೆ ಮಂಕಾಗಿದೆ. ಡೋಸ್ ಇಳಿಸಿದರೆ ಎಷ್ಟೋ ಸಲ ಸರಿಹೋಗುತ್ತೆ. ಲೈಂಗಿಕ ಆಸಕ್ತಿ ಕುಗ್ಗೋದನ್ನೂ ನಾವೇ ಬಾಯಿಬಿಟ್ಟು ಕೇಳಬೇಕು, ಅವರಾಗಿ ಹೇಳಲ್ಲ.

ಇಲ್ಲಿ ದೊಡ್ಡ ಎಡವಟ್ಟು ಆಗೋದು ಬೈಪೋಲಾರ್ (ಒಮ್ಮೆ ಖಿನ್ನತೆ, ಒಮ್ಮೆ ಉನ್ಮಾದ ಬರುವ ಕಾಯಿಲೆ) ವಿಷಯದಲ್ಲಿ. ಅವರಿಗೋ ಮನೆತನದಲ್ಲೋ ಅದು ಇದೆಯಾ ಕೇಳದೆ ಕೊಟ್ಟರೆ ಉನ್ಮಾದ ಕೆರಳಬಹುದು. ಮಾತು ಜೋರಾಗುತ್ತೆ, ಮೂರು ಗಂಟೆ ನಿದ್ದೆ ಸಾಕಾಗುತ್ತೆ, ಖರ್ಚು ಮಿತಿಮೀರುತ್ತೆ. ಬೇಕಾಗಿದ್ದ ಬದಲಾವಣೆ ಬಂತು ಅಂತ ಎಲ್ಲರೂ ಖುಷಿಪಡ್ತಾರೆ.

ಈ ಪ್ರಸಂಗದಲ್ಲಿ ಇದು ಬರೀ ಸಂಕೋಚವೋ, ಸೋಷಿಯಲ್ ಆಂಗ್ಸೈಟಿಯೋ (ಜನರ ಮುಂದೆ ಅತಿಯಾಗಿ ಭಯಪಡೋ ಕಾಯಿಲೆ) ಅನ್ನೋದು ಮೊದಲು ಇತ್ಯರ್ಥ ಆಗಲಿ. ಭಯ ಆರು ತಿಂಗಳಿಗೂ ಮೀರಿ ಇದ್ದು, ಬದುಕಿಗೆ ಅಡ್ಡ ಬರ್ತಿದ್ದರೆ ಅದು ಕಾಯಿಲೆ, ಮಾತ್ರೆಗೆ ಕಾರಣವಿದೆ. ಬರೀ ಸಂಕೋಚವಾದರೆ ನಾನು ಬರೆಯಲ್ಲ. ಮೀಟಿಂಗಿನಲ್ಲಿ ಮಾತಾಡೋ ಅಭ್ಯಾಸವನ್ನ ಸಿಬಿಟಿಯಲ್ಲಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಮೆಟ್ಟಿಲುಮೆಟ್ಟಿಲಾಗಿ ಮಾಡಿಸ್ತೀನಿ.

ಆಪ್ತಸಮಾಲೋಚಕಿ:
ಧನ್ಯವಾದ ಡಾಕ್ಟ್ರೇ. 'ಇಷ್ಟವಾಗದಿದ್ದರೆ ಬಿಟ್ಟರಾಯ್ತು' ಅಂತಾರಲ್ಲ, ಅದಕ್ಕೇನು ಹೇಳಲಿ?

ಮನೋವೈದ್ಯ:
ತಿಂಗಳುಗಟ್ಟಲೆ ತಗೊಂಡು ಥಟ್ಟನೆ ಬಿಟ್ಟರೆ ಕೆಲವೇ ದಿನದಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನೋದು, ಸಿಡುಕು ಬರಬಹುದು. ಅದನ್ನ 'ಹಳೇ ಸ್ವಭಾವ ವಾಪಸ್ ಬಂತು' ಅಂತ ಓದಿಕೊಂಡು ಮತ್ತೆ ಮಾತ್ರೆಗೆ ಹೋಗ್ತಾರೆ. 10ರಿಂದ 5 ಮಿ.ಗ್ರಾಂಗೆ ಇಳಿಸೋದು ಸುಲಭ. ಮಿದುಳಿನ ಮೇಲೆ ಮಾತ್ರೆಯ ಹಿಡಿತ ಹೆಚ್ಚು ಸಡಿಲವಾಗೋದು 5ರಿಂದ ಸೊನ್ನೆಗೆ ಬರುವಾಗ. ಕೊನೆಯ ಹೆಜ್ಜೆಗಳು ಚಿಕ್ಕದಿರಲಿ, ವಾರಗಟ್ಟಲೆ ಹಿಡಿಯಲಿ. ಪೂರ್ತಿ ಬಿಟ್ಟಮೇಲೂ ಒಂದೆರಡು ತಿಂಗಳು ಕಾದು ಆ ಕಾಗದ ಮತ್ತೆ ಓದಲಿ.